ಅನುಭವವೋ, ವರ್ಚಸ್ಸೋ? 1960ರ ಒಂದು ಚುನಾವಣೆಯ ಪಾಠ



1960ರ ಜುಲೈ 2ರಂದು ಅಮೆರಿಕದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಪತ್ರಕರ್ತರನ್ನು ಕರೆದು, ತಮ್ಮದೇ ಪಕ್ಷದ ಒಬ್ಬ ಸೆನೆಟರ್‌ಗೆ ಬಹಿರಂಗವಾಗಿ ಪ್ರಶ್ನೆ ಹಾಕಿದರು. ದೇಶದ ಹೊಣೆ ಹೊರಲು ನೀವು ನಿಜಕ್ಕೂ ಸಿದ್ಧರಾಗಿದ್ದೀರಾ? ದೇಶವಾದರೂ ನಿಮ್ಮನ್ನು ಸ್ವೀಕರಿಸಲು ಸಿದ್ಧವಿದೆಯೇ? ಪ್ರಶ್ನಿಸಿದವರಿಗೆ 76 ವರ್ಷ. ಉತ್ತರಿಸಬೇಕಾಗಿದ್ದ ಜಾನ್ ಎಫ್. ಕೆನಡಿಗೆ 43.

ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದು ಅಣ್ವಸ್ತ್ರಗಳ ನೆರಳಿನಲ್ಲಿ ಜಗತ್ತು ಎರಡು ಪಾಳೆಯಗಳಾಗಿ ಸೀಳಿಹೋಗಿದ್ದ ಕಾಲ. ಶ್ವೇತಭವನದಲ್ಲಿ ಇದ್ದವರು ಎರಡನೆಯ ಮಹಾಯುದ್ಧದ ಸೇನಾನಿ ಐಸೆನ್‌ಹೋವರ್. ಆ ಅಕ್ಟೋಬರಿನಲ್ಲಿ ಅವರು 70 ತುಂಬುವವರಿದ್ದರು. ಅಂಥವರ ಕುರ್ಚಿಯಲ್ಲಿ ಒಬ್ಬ ಸಿರಿವಂತ ತಂದೆಯ ಸುಂದರ ಮಗನನ್ನು ಕೂರಿಸಬಹುದೇ ಎಂದು ಅನೇಕರು ಶಂಕಿಸಿದರು. ಕೆನಡಿ ಆರು ವರ್ಷ ಕೆಳಮನೆಯಲ್ಲಿಯೂ, 1953ರಿಂದ ಸೆನೆಟ್‌ನಲ್ಲಿಯೂ ಕುಳಿತಿದ್ದರು ನಿಜ. ಆದರೆ ಒಂದು ರಾಜ್ಯವನ್ನಾಗಲಿ ಇಲಾಖೆಯನ್ನಾಗಲಿ ನಡೆಸಿದವರಲ್ಲ.

ಎರಡೇ ದಿನಗಳಲ್ಲಿ, ಸ್ವಾತಂತ್ರ್ಯ ದಿನವಾದ ಜುಲೈ 4ರಂದು, ಕೆನಡಿ ಉತ್ತರ ಕೊಟ್ಟರು. ಜನರಿಂದ ಆಯ್ಕೆಯಾಗಿ 14 ವರ್ಷ ದುಡಿದದ್ದು ಸಾಲದು ಎನ್ನುವುದಾದರೆ, ವಿಲ್ಸನ್, ರೂಸ್‌ವೆಲ್ಟ್ ಹಾಗೂ ಸ್ವತಃ ಟ್ರೂಮನ್ ಕೂಡ ಆ ಪದವಿಗೆ ಅನರ್ಹರಾಗುತ್ತಿದ್ದರು ಎಂದರು. 44ರೊಳಗಿನವರನ್ನು ಹೊರಗಿಟ್ಟಿದ್ದರೆ ಜೆಫರ್‌ಸನ್ ಸ್ವಾತಂತ್ರ್ಯ ಘೋಷಣೆಯನ್ನು ಬರೆಯಲಾಗುತ್ತಿರಲಿಲ್ಲ, ವಾಷಿಂಗ್ಟನ್ ಸೇನೆಯ ನಾಯಕತ್ವ ವಹಿಸಲಾಗುತ್ತಿರಲಿಲ್ಲ ಎಂದೂ ನೆನಪಿಸಿದರು. ಲೆಕ್ಕ ಸರಿಯಾಗಿಯೇ ಇತ್ತು: 1776ರಲ್ಲಿ ಜೆಫರ್‌ಸನ್‌ಗೆ 33 ವರ್ಷ, 1775ರಲ್ಲಿ ವಾಷಿಂಗ್ಟನ್‌ಗೆ 43. ಅದೇ ತಿಂಗಳು ಲಾಸ್ ಏಂಜಲೀಸ್‌ನಲ್ಲಿ ನೆರೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶವು ಮೊದಲ ಸುತ್ತಿನಲ್ಲಿಯೇ ಅವರನ್ನು ಅಭ್ಯರ್ಥಿಯಾಗಿ ಆರಿಸಿತು. ಅನುಭವದ ಕೊರತೆಯನ್ನು ತುಂಬುವಂತೆ, ಸೆನೆಟ್‌ನ ಒಳಹೊರಗನ್ನೆಲ್ಲ ಬಲ್ಲ ಲಿಂಡನ್ ಜಾನ್ಸನ್ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು.

ಆದರೆ ದೇಶ ನಿಮ್ಮನ್ನು ಸ್ವೀಕರಿಸಲು ಸಿದ್ಧವಿದೆಯೇ ಎಂಬ ಮಾತಿನಲ್ಲಿ ಹಲವರಿಗೆ ಮತ್ತೊಂದು ಧ್ವನಿಯೂ ಕೇಳಿಸಿತು. ಕೆನಡಿ ಕಥೋಲಿಕರು. 1928ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಕಥೋಲಿಕ ಆಲ್ ಸ್ಮಿತ್ ಹೀನಾಯವಾಗಿ ಸೋತಿದ್ದರು. ಆದ್ದರಿಂದಲೇ 1960ರ ಮೇ 10ರಂದು ವೆಸ್ಟ್ ವರ್ಜೀನಿಯಾದಲ್ಲಿ ನಡೆದ ಪಕ್ಷದ ಆಂತರಿಕ ಚುನಾವಣೆ ನಿರ್ಣಾಯಕವಾಗಿತ್ತು. ಅದು ಕಲ್ಲಿದ್ದಲು ಗಣಿಗಳ ಬಡ ರಾಜ್ಯ. ಬಹುತೇಕ ಎಲ್ಲರೂ ಪ್ರಾಟೆಸ್ಟಂಟರು. ನೌಕಾಪಡೆಗೆ ಸೇರಿದಾಗ ನನ್ನ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ, ಯುದ್ಧದಲ್ಲಿ ಮಡಿದ ನನ್ನ ಅಣ್ಣನನ್ನೂ ಕೇಳಲಿಲ್ಲ ಎಂದು ಕೆನಡಿ ಅಲ್ಲಿನವರ ಮುಂದೆ ಹೇಳಿದರು. ಅವರ ಕುಟುಂಬದ ಹಣವೂ ಅಲ್ಲಿ ಧಾರಾಳವಾಗಿ ಹರಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ನೂರಕ್ಕೆ 60ಕ್ಕಿಂತ ಹೆಚ್ಚು ಮತಗಳನ್ನು ಆ ಗಣಿಗಾರರ ನಾಡು ಕೊಟ್ಟಾಗ, ಹಳೆಯ ಭಯವೊಂದರ ಬೇರು ಸಡಿಲವಾಯಿತು.

ಸೆಪ್ಟೆಂಬರ್ 12ರಂದು ಹ್ಯೂಸ್ಟನ್ ನಗರದಲ್ಲಿ ಪ್ರಾಟೆಸ್ಟಂಟ್ ಪಾಲಕರ ಸಭೆಯ ಎದುರು ಕೆನಡಿ ನಿಂತರು. ತಾನು ಕಥೋಲಿಕರ ಅಭ್ಯರ್ಥಿಯಲ್ಲ, ಪಕ್ಷವೊಂದರ ಅಭ್ಯರ್ಥಿ. ತನ್ನ ಧರ್ಮ ಕಥೋಲಿಕವಾಗಿದೆ ಅಷ್ಟೆ ಎಂದರು. ಮನಸ್ಸಾಕ್ಷಿಗೂ ದೇಶದ ಹಿತಕ್ಕೂ ಘರ್ಷಣೆ ಒದಗಿದರೆ ಪದವಿಯನ್ನೇ ತೊರೆಯುವುದಾಗಿ ನುಡಿದರು. ಅಲ್ಪಸಂಖ್ಯಾತ ಸಮುದಾಯದಲ್ಲಿ ಹುಟ್ಟಿದವನು ತನ್ನ ನಿಷ್ಠೆಯನ್ನು ಮತ್ತೆ ಮತ್ತೆ ಸಾಬೀತುಪಡಿಸಬೇಕಾದ ಕಷ್ಟವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎದುರಾಳಿ ರಿಚರ್ಡ್ ನಿಕ್ಸನ್‌ರ ಘೋಷಣೆ ಅನುಭವಕ್ಕೇ ಬೆಲೆ ಎಂಬುದಾಗಿತ್ತು. ಸ್ವಾರಸ್ಯವೆಂದರೆ ನಿಕ್ಸನ್ ಕೆನಡಿಗಿಂತ ಕೇವಲ ನಾಲ್ಕು ವರ್ಷ ದೊಡ್ಡವರು. ಇಬ್ಬರೂ 1947ರ ಜನವರಿಯಲ್ಲಿ ಒಟ್ಟಿಗೇ ಸಂಸತ್ತನ್ನು ಪ್ರವೇಶಿಸಿದವರು. ಆದರೆ ನಿಕ್ಸನ್ ಎಂಟು ವರ್ಷ ಉಪಾಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ ನೀವು ಸ್ವೀಕರಿಸಿದ ಅವರ ಒಂದು ಮುಖ್ಯ ಸಲಹೆ ಯಾವುದು ಎಂದು ಪತ್ರಕರ್ತರೊಬ್ಬರು ಕೇಳಿದಾಗ, ಒಂದು ವಾರ ಸಮಯ ಕೊಟ್ಟರೆ ನೆನಪಿಸಿಕೊಂಡೇನು ಎಂದುಬಿಟ್ಟರು ಐಸೆನ್‌ಹೋವರ್! ಪದವಿಯಲ್ಲಿ ಕಳೆದ ವರ್ಷಗಳೆಲ್ಲವೂ ಅನುಭವವೇ ಎಂಬ ಪ್ರಶ್ನೆಯನ್ನು ಆ ಒಂದು ಮಾತು ಎಬ್ಬಿಸಿತು.

ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ನಡೆದ ಮೊದಲ ದೂರದರ್ಶನ ಚರ್ಚೆಯನ್ನು ಸುಮಾರು 7 ಕೋಟಿ ಜನ ನೋಡಿದರು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಬಿಳಿಚಿಕೊಂಡು, ಬೆವರುತ್ತಿದ್ದರು. ಕೆನಡಿ ಲವಲವಿಕೆಯ ಪ್ರತಿಮೂರ್ತಿಯಂತಿದ್ದರು. ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರೆಂದೂ, ಚಿತ್ರ ನೋಡಿದವರು ಕೆನಡಿ ಗೆದ್ದರೆಂದೂ ಭಾವಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಅದಕ್ಕೆ ಆಧಾರ ತೀರ ತೆಳುವಾದದ್ದು. ನಿಜವಾಗಿ ನಾವು ಗಮನಿಸಬೇಕಾದದ್ದು ಬೇರೆಯೇ ಇದೆ. ಆ ಲವಲವಿಕೆಯ ಯುವಕನೇ ರೋಗಿ. ಅಡ್ರಿನಲ್ ಗ್ರಂಥಿಗಳನ್ನು ಕುಂದಿಸುವ ಆಡಿಸನ್ ಕಾಯಿಲೆಗೆ ಅವರು ನಿತ್ಯ ಔಷಧ ಸೇವಿಸುತ್ತಿದ್ದರು. ಜಾನ್ಸನ್ ಬೆಂಬಲಿಗರು ಜುಲೈನಲ್ಲಿ ಆ ಮಾತೆತ್ತಿದಾಗ ಕೆನಡಿಯ ಕಡೆಯವರು ಅಲ್ಲಗಳೆದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಮತದಾರನಿಗೂ ಅನ್ವಯಿಸುತ್ತದೆ.

ನವೆಂಬರ್ 8ರಂದು ಸುಮಾರು 6 ಕೋಟಿ 88 ಲಕ್ಷ ಜನ ಮತ ಹಾಕಿದರು. ಸಾಮಾನ್ಯವಾಗಿ ಒಪ್ಪಿಕೊಳ್ಳುವ ಲೆಕ್ಕದಂತೆ ಇಬ್ಬರ ನಡುವಣ ಅಂತರ ಸುಮಾರು 1,13,000 ಮತಗಳು ಮಾತ್ರ. ಜನರ ತಕ್ಕಡಿ ಹೆಚ್ಚುಕಡಿಮೆ ಸಮವಾಗಿಯೇ ನಿಂತಿತ್ತು. ಕೆನಡಿ ಆ ದೇಶದಲ್ಲಿ ಚುನಾಯಿತರಾದ ಅತ್ಯಂತ ಕಿರಿಯ ಅಧ್ಯಕ್ಷರಾದರು, ಮೊದಲ ಕಥೋಲಿಕ ಅಧ್ಯಕ್ಷರೂ ಆದರು.

ಹಾಗಾದರೆ ಟ್ರೂಮನ್ ಅವರ ಅನುಮಾನ ನಿಜವಾಯಿತೇ? ಮೊದಲಿಗೆ ಹಾಗೆಯೇ ತೋರಿತು. 1961ರ ಏಪ್ರಿಲ್ 17ರಂದು ಕ್ಯೂಬಾದ ಬೇ ಆಫ್ ಪಿಗ್ಸ್ ತೀರದಲ್ಲಿ, ಅಮೆರಿಕ ತರಬೇತಿ ಕೊಟ್ಟಿದ್ದ ಸುಮಾರು 1,400 ಕ್ಯೂಬನ್ ದೇಶಭ್ರಷ್ಟರು ಇಳಿದರು. ಮೂರು ದಿನಗಳೊಳಗೆ ನೂರಕ್ಕೂ ಹೆಚ್ಚು ಮಂದಿ ಸತ್ತು, ಸಾವಿರಕ್ಕೂ ಮೀರಿ ಸೆರೆಯಾದರು. ಯೋಜನೆ ಸಿದ್ಧವಾದದ್ದು ಹಿಂದಿನ ಸರ್ಕಾರದ ಕಾಲದಲ್ಲಿ. ಸಲಹೆ ಕೊಟ್ಟವರು ತಲೆನರೆತ ಅನುಭವಿಗಳು. ಹೊಸ ಅಧ್ಯಕ್ಷರು ಅವರನ್ನು ಸಾಕಷ್ಟು ಪ್ರಶ್ನಿಸಲಿಲ್ಲ. ಆದರೆ ಸೋಲಿನ ಹೊಣೆಯನ್ನು ಅವರು ಬೇರೆಯವರ ಮೇಲೆ ಹೊರಿಸದೆ, ಬಹಿರಂಗವಾಗಿ ತಮ್ಮ ಹೆಗಲಿಗೇ ತೆಗೆದುಕೊಂಡರು.

ಮರುವರ್ಷ ಅಕ್ಟೋಬರಿನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡುಬಂದಾಗ, ಅದೇ ಮನುಷ್ಯ ಬೇರೆ ರೀತಿಯಲ್ಲಿ ನಡೆದುಕೊಂಡರು. ಸಲಹೆಗಾರರು ಪರಸ್ಪರ ವಾದಿಸಲೆಂದು ಕೆಲವೊಮ್ಮೆ ತಾವೇ ಸಭೆಯಿಂದ ಹೊರಗುಳಿದರು. ತಕ್ಷಣ ಬಾಂಬು ಸುರಿಯಬೇಕೆಂಬ ಸೇನಾಧಿಕಾರಿಗಳ ಒತ್ತಾಯಕ್ಕೆ ಮಣಿಯದೆ ಸಮುದ್ರ ದಿಗ್ಬಂಧನವನ್ನು ಆರಿಸಿಕೊಂಡರು. ಅಕ್ಟೋಬರ್ 25ರಂದು ಜಗದ್ಗುರು ಇಪ್ಪತ್ತಮೂರನೆಯ ಜಾನ್ ವ್ಯಾಟಿಕನ್ ರೇಡಿಯೋ ಮೂಲಕ, ಮಾನವಕುಲದ ಶಾಂತಿಯ ಕೂಗಿಗೆ ಕಿವಿಗೊಡಬೇಕೆಂದು ನಾಯಕರಲ್ಲಿ ಮೊರೆಯಿಟ್ಟರು. 28ರಂದು ಕ್ಷಿಪಣಿಗಳನ್ನು ಹಿಂತೆಗೆಯಲು ಕ್ರುಶ್ಚೇವ್ ಒಪ್ಪಿದರು. ತಪ್ಪಿನಿಂದ ಕಲಿಯುವ ಗುಣವೊಂದು ಜಗತ್ತನ್ನು ಉಳಿಸಲು ನೆರವಾಯಿತು.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆಯನ್ನೂ ನೋಡಿ. 1963ರ ಜೂನ್‌ನಲ್ಲಿ ಕೆನಡಿ ಮುಂದಿಟ್ಟ ನಾಗರಿಕ ಹಕ್ಕುಗಳ ಮಸೂದೆ ಅವರ ಜೀವಿತಕಾಲದಲ್ಲಿ ಅಂಗೀಕಾರವಾಗಲಿಲ್ಲ. ನವೆಂಬರ್ 22ರಂದು ಅವರ ಹತ್ಯೆಯಾಯಿತು. 1964ರಲ್ಲಿ ಅದನ್ನು ಕಾನೂನಾಗಿಸಿದ್ದು, ಸಂಸತ್ತಿನ ಪಟ್ಟುಗಳನ್ನು ದಶಕಗಳಿಂದ ಕಲಿತಿದ್ದ ಜಾನ್ಸನ್. ಅನುಭವ ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಅದೇ ಜಾನ್ಸನ್ ವಿಯೆಟ್ನಾಂ ಯುದ್ಧದ ಕೆಸರಿನಲ್ಲಿ ದೇಶವನ್ನು ಇನ್ನಷ್ಟು ಆಳಕ್ಕೆ ಇಳಿಸಿದರು. ಅನುಭವದ ಹೆಸರಿನಲ್ಲಿ ಮತ ಕೇಳಿದ್ದ ನಿಕ್ಸನ್ ಮುಂದೆ ಅಧ್ಯಕ್ಷರಾಗಿ, ವಾಟರ್‌ಗೇಟ್ ಹಗರಣದಿಂದ 1974ರ ಆಗಸ್ಟ್ 9ರಂದು ಪದತ್ಯಾಗ ಮಾಡಬೇಕಾಯಿತು. ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸದಲ್ಲ. ಎಳೆಯನಾದ ಸೊಲೊಮೋನನು ವಿವೇಕವನ್ನು ಬೇಡಿಕೊಂಡನು. 41ನೆಯ ವಯಸ್ಸಿನಲ್ಲಿ ಪಟ್ಟವೇರಿದ ಅವನ ಮಗ ರೆಹಬ್ಬಾಮನು ಹಿರಿಯರ ಮಾತನ್ನು ತಳ್ಳಿಹಾಕಿ ರಾಜ್ಯವನ್ನು ಒಡೆದುಕೊಂಡನು.

60 ವರ್ಷಗಳ ಬಳಿಕ ಪ್ರಶ್ನೆ ತಿರುವುಮುರುವಾಯಿತು. 2020ರಲ್ಲಿ ಆಯ್ಕೆಯಾದ ಎರಡನೆಯ ಕಥೋಲಿಕ ಅಧ್ಯಕ್ಷ ಜೋ ಬೈಡನ್‌ಗೆ ಆಗ 77 ವರ್ಷ, ಅನುಭವ ಬೇಕಾದಷ್ಟಿತ್ತು. ಆದರೆ ವಯಸ್ಸಿನ ಚಿಂತೆಯೇ ಬಲವಾಗಿ, 2024ರ ಜುಲೈನಲ್ಲಿ ಅವರು ಮರುಸ್ಪರ್ಧೆಯಿಂದ ಹಿಂದೆ ಸರಿದರು.

ರಾಷ್ಟ್ರಪತಿಯಾಗಲು 35 ವರ್ಷ ತುಂಬಿರಬೇಕೆಂದು ಅಮೆರಿಕದ ಸಂವಿಧಾನ ಹೇಳುತ್ತದೆ. ನಮ್ಮ ಸಂವಿಧಾನವೂ ಅದನ್ನೇ ಹೇಳುತ್ತದೆ. ಉಳಿದುದನ್ನು ತೂಗುವ ಕೆಲಸವನ್ನು ಕಾನೂನು ನಮಗೇ ಬಿಟ್ಟಿದೆ. ಮುಂದಿನ ಬಾರಿ ನಿಮ್ಮ ಮನೆಯಲ್ಲಿ ಅಭ್ಯರ್ಥಿಗಳ ಮಾತು ಬಂದಾಗ, ವಯಸ್ಸೆಷ್ಟು, ಮಾತು ಎಷ್ಟು ಚೆಂದ ಎಂಬಷ್ಟಕ್ಕೇ ನಿಲ್ಲಬೇಡಿ. ತನ್ನನ್ನು ಒಪ್ಪದವರ ಮಾತನ್ನು ಈತ ಕೇಳಿಸಿಕೊಂಡಿದ್ದಾನೆಯೇ? ಕೆಲಸ ಕೆಟ್ಟಾಗ ಹೊಣೆ ಹೊತ್ತಿದ್ದಾನೆಯೇ? ನಾವು ತಿಳಿಯಬೇಕಾದದ್ದನ್ನು ನಮ್ಮಿಂದ ಮುಚ್ಚಿಟ್ಟಿದ್ದಾನೆಯೇ? ಈ ಮೂರನ್ನು ಮಕ್ಕಳ ಎದುರಿನಲ್ಲಿಯೇ ಕೇಳಿಕೊಳ್ಳಿ. ನಾಳೆ ಮತಗಟ್ಟೆಗೆ ಹೋಗಬೇಕಾದವರು ಅವರೇ ಅಲ್ಲವೇ?