ಕ್ಲೀನರ್ ಇಲ್ಲದ ಮೋಟಾರು

ನಮ್ಮ ಕಡೆಯ ಮೋಟಾರು ಸಾರಿಗೆಯ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಕಂಪೆನಿ ಕಟ್ಟಿದ ಧನಿಗಳ ಹೆಸರು ಹೇಳುತ್ತಾರೆ. ಗಾಡಿ ನಡೆಸಿದ ಡ್ರೈವರನ ಧೈರ್ಯವನ್ನೂ ನಾಲ್ಕು ಮಾತಿನಲ್ಲಿ ಹೊಗಳುತ್ತಾರೆ. ಆದರೆ ರೇಡಿಯೇಟರಿಗೆ ನೀರು ಹೊಯ್ದವನು, ಏರಿನಲ್ಲಿ ಗಾಲಿಗೆ ಅಡೆ ಇಟ್ಟವನು, ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ ಲಾಂದ್ರ ಹಿಡಿದು ಗಾಡಿಯ ಅಡಿಗೆ ನುಸುಳಿದವನು ಇನ್ನೊಬ್ಬನಿದ್ದ. ಅವನ ಮಾತನ್ನು ಎತ್ತುವವರು ಅಪರೂಪ. ಅವನನ್ನು ಕ್ಲೀನರ್ ಎಂದು ಕರೆಯುತ್ತಿದ್ದರು. ಹೆಸರು ತೊಳೆಯುವವನದು, ಕೆಲಸ ಕಾಯುವವನದು.

ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ, ಕ್ಲೀನರ್ ಮಾತ್ರ ಇಲ್ಲ. ಇದರಿಂದ ಆಗುವ ನಷ್ಟ ಹಣದ್ದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಒಮ್ಮೊಮ್ಮೆ ಅದು ಜೀವದ ನಷ್ಟವೂ ಆಗಬಲ್ಲುದು.

ನಮ್ಮ ಸೀಮೆಗೂ ಮೋಟಾರಿಗೂ ಇರುವ ಸಂಬಂಧ ಬೇರೆ ಕಡೆಯಂತಲ್ಲ. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ಅಲ್ಲಿಂದ ಸುಮಾರು 60 ಕಿಲೋಮೀಟರು ದೂರದ ಉಡುಪಿಯನ್ನು ಮುಟ್ಟಲು ಅದಕ್ಕೆ ಮತ್ತೂ 86 ವರ್ಷ ಹಿಡಿಯಿತು. ಕೊಂಕಣ ರೈಲ್ವೆಯ ಮೊದಲ ಪ್ರಯಾಣಿಕರ ಗಾಡಿ ಮಂಗಳೂರಿಗೂ ಉಡುಪಿಗೂ ನಡುವೆ ಓಡಿದ್ದು 1993ರ ಮಾರ್ಚಿನಲ್ಲಿ. ಈ ನಡುವಿನ ಕಾಲದಲ್ಲೆಲ್ಲ ಅಡಿಕೆ, ಅಕ್ಕಿ, ಮದುವೆಯ ದಿಬ್ಬಣ, ಆಸ್ಪತ್ರೆಗೆ ಒಯ್ಯಬೇಕಾದ ರೋಗಿ, ಮುಂಬಯಿಯಿಂದ ಬಂದ ಪತ್ರ, ಎಲ್ಲಕ್ಕೂ ಎತ್ತಿನ ಗಾಡಿ, ದೋಣಿ ಅಥವಾ ಮೋಟಾರು. ಇವು ಮೂರೇ ಗತಿ.

1914ನೆಯ ಇಸವಿ ಈ ಕಥೆಯಲ್ಲಿ ನೆನಪಿಡಬೇಕಾದ ವರ್ಷ. ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾನೂನು ಬಂದದ್ದು ಆಗ. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ, ಜನರ ಬಾಯಲ್ಲಿ ಸಿ.ಪಿ.ಸಿ. ಎಂದೇ ಉಳಿದಿರುವ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ತಲೆಯೆತ್ತಿದ್ದೂ ಅದೇ ವರ್ಷ. ಆ ಕಾಲದ ಹಾದಿಯನ್ನು ಮನಸ್ಸಿಗೆ ತಂದುಕೊಳ್ಳಿ. ಮಂಗಳೂರಿನಿಂದ ಬಡಗು ಮುಖವಾಗಿ ಹೊರಟರೆ ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಕಾಪುವನ್ನು ದಾಟಿದ ಮೇಲೆ ಉದ್ಯಾವರದ ಹೊಳೆ. ಉಡುಪಿಯಿಂದ ಮುಂದಕ್ಕೆ ಕಲ್ಯಾಣಪುರದಲ್ಲಿ ಸುವರ್ಣಾ, ಮಾಬುಕಳದಲ್ಲಿ ಸೀತಾ. ಹೊಳೆಗಳಿಗೆ ಸೇತುವೆ ಇಲ್ಲದ ದಿನಗಳಲ್ಲಿ ಗಾಡಿ ದಾಟಬೇಕಾದರೆ ದೋಣಿಗಳನ್ನು ಜೋಡಿಸಿ ಹಲಗೆ ಹಾಸಿ ಅದರ ಮೇಲೆ ಹತ್ತಿಸಬೇಕು. ಹಲಗೆಯ ಮೇಲೆ ಗಾಡಿ ಒಂದು ಗೇಣು ಹಿಂದೆ ಸರಿದರೂ ಹೊಳೆಯ ಪಾಲು. ಆಗ ಗಾಲಿಗೆ ಅಡೆ ಇಡುವ ಹುಡುಗನ ಕೈಚಳಕದ ಮೇಲೆ ಎಷ್ಟು ಜೀವಗಳು ನಿಂತಿರುತ್ತಿದ್ದುವು ಎಂಬುದನ್ನು ವಾಚಕರೇ ಊಹಿಸಬಹುದು.

ಎರಡನೆಯ ಮಹಾಯುದ್ಧ ಈ ಹುಡುಗನ ಕೆಲಸವನ್ನು ಇಮ್ಮಡಿ ಮಾಡಿತು. ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳಿಗೆ ಇದ್ದಿಲಿನ ಗ್ಯಾಸ್ ಬಂತು. ಗಾಡಿಯ ಬೆನ್ನಿಗೆ ಒಂದು ಉದ್ದನೆಯ ಉರುಳೆ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಸಾಕಷ್ಟು ಗಾಳಿ ಸಿಗದಂತೆ ಉರಿಸಿದರೆ ಎಂಜಿನ್ನು ಕುಡಿಯಬಲ್ಲ ಅನಿಲ ಹುಟ್ಟುತ್ತದೆ. ಹೊರಡುವುದಕ್ಕೆ ಬಹಳ ಮೊದಲೇ ಎದ್ದು ತಿದಿ ತಿರುಗಿಸಿ ಬೆಂಕಿ ಎಬ್ಬಿಸಬೇಕು, ಬೂದಿ ತೆಗೆಯಬೇಕು, ಸೋಸುವ ಪೆಟ್ಟಿಗೆಯನ್ನು ಜಾಲಾಡಬೇಕು. ಇಷ್ಟಾದರೂ ಪೆಟ್ರೋಲಿನ ಕಸುವು ಅದಕ್ಕೆ ಇಲ್ಲ. ಏರು ಸಿಕ್ಕಿದಲ್ಲಿ ಪ್ರಯಾಣಿಕರೇ ಇಳಿದು ನೂಕುತ್ತಿದ್ದರೆಂದು ಹಿರಿಯರು ನಗುತ್ತ ಹೇಳುವುದನ್ನು ನಾನು ಕೇಳಿದ್ದೇನೆ. ನಮ್ಮ ಕಡೆಯ ಎಷ್ಟೋ ಮಂದಿ ಮೆಕ್ಯಾನಿಕರಿಗೆ ಇಂಥ ಬಸ್ಸಿನ ಹಿಂಬದಿಯೇ ಪಾಠಶಾಲೆ. ಕೈಗೆ ಮಸಿ ಹತ್ತಿಸಿಕೊಂಡೇ ಅವರು ವಿದ್ಯೆ ಕಲಿತರು.

ಇನ್ನು ಕೊಳ್ಳುವ ಮಾತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಶ್ರೀನಿವಾಸ ಕುಡ್ವ ಈ ಮೂವರು ಸೇರಿ ಒಂದು ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಗೊತ್ತಾಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಈ ಮೂವರಲ್ಲಿ ಕುಡ್ವರು ಎಂಜಿನಿಯರು. ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಸ್ಥಾಪಿಸಿ ಮೋಟಾರುಗಳಿಗೆ ಬೇಕಾದ ಸ್ಪ್ರಿಂಗುಗಳನ್ನು ಮಾಡಿಸಿದವರೂ ಅವರೇ. ದಿನದಿನದ ಉಳಿತಾಯವನ್ನು ಬಲ್ಲ ಮನುಷ್ಯನೇ ದಿನದಿನದ ಏಟು ತಿನ್ನುವ ಸ್ಪ್ರಿಂಗನ್ನೂ ಬಲ್ಲವನಾಗಿದ್ದ ಎಂಬುದು ನನಗೆ ಬಹಳ ಅರ್ಥವುಳ್ಳದ್ದಾಗಿ ಕಾಣುತ್ತದೆ.

ಸ್ವಾತಂತ್ರ್ಯಾನಂತರ ಕಾರು ಕೊಳ್ಳುವುದು ಹಣದ ಪ್ರಶ್ನೆ ಮಾತ್ರವಾಗಿರಲಿಲ್ಲ. ಮುಂಬಯಿಯಲ್ಲಿ ಜನರಲ್ ಮೋಟಾರ್ಸಿನವರೂ ಮದರಾಸಿನಲ್ಲಿ ಫೋರ್ಡಿನವರೂ ಬಿಡಿಭಾಗ ತರಿಸಿ ಕಾರು ಜೋಡಿಸುತ್ತಿದ್ದುದು 1950ರ ದಶಕದ ಮಧ್ಯಕ್ಕೆ ನಿಂತಿತು. ಮುಂದೆ ಬಹುಮಟ್ಟಿಗೆ ಉಳಿದದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಎಷ್ಟೋ ವೇಳೆ ಹಳೆಯ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ! ಇಂಥ ಕಾಲದಲ್ಲಿ ಕಾರನ್ನು ಕೆಡಿಸಿಕೊಳ್ಳುವ ಧೈರ್ಯ ಯಾರಿಗಿದ್ದೀತು? ಕ್ಲೀನರನನ್ನು ಇಟ್ಟುಕೊಳ್ಳಲಾಗದವರು ತಾವೇ ಅವನಾದರು. ಭಾನುವಾರ ಬೆಳಿಗ್ಗೆ ವಕೀಲರೂ ಡಾಕ್ಟರರೂ ಪಂಚೆ ಎತ್ತಿ ಕಟ್ಟಿ ಕಾರು ತೊಳೆಯುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾಯುವ ಕಾಲ ಮೆಲ್ಲಮೆಲ್ಲನೆ ಮುಗಿಯಿತು. ಈಗ ಮಾಸಿಕ ಕಂತಿನ ಕಾಗದಕ್ಕೆ ರುಜು ಹಾಕಿದರೆ ಕೆಲವು ದಿನಗಳಲ್ಲೇ ಕಾರು ಬಾಗಿಲಿಗೆ ಬಂದೀತು. ಸುಲಭವಾಗಿ ಬಂದದ್ದನ್ನು ನೋಡಿಕೊಳ್ಳುವ ಅಭ್ಯಾಸ ಕಷ್ಟದಿಂದ ಬಂದದ್ದರಷ್ಟು ಬೇಗ ಬೆಳೆಯುವುದಿಲ್ಲ.

ಕಾರ್ಕಳದಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕರು ಇದ್ದಾರೆ. ಬಸ್ಸಿನ ಕ್ಲೀನರಾಗಿ ಕೆಲಸ ಆರಂಭಿಸಿದವರು. ಅವರು ಒಮ್ಮೆ ಅಂದರು: “ಗಾಡಿ ಮೊದಲು ಹೇಳ್ತದೆ ಮಾರಾಯ್ರೆ, ಆಮೇಲೆ ನಿಲ್ತದೆ. ಕೇಳುವವರು ಬೇಕು.” ಅದು ಏನು ಹೇಳುತ್ತದೆ ಎಂಬುದು ಊರಿನಿಂದ ಊರಿಗೆ ಬೇರೆ. ನಮ್ಮ ಸಣ್ಣ ಸೀಮೆಯಲ್ಲೇ ಕಾರಿಗೆ ಮೂರು ಬಗೆಯ ಶತ್ರುಗಳಿವೆ.

ಕಾಪುವಿನಲ್ಲಿ ಉಪ್ಪುಗಾಳಿ. 1901ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭ ಬಂಡೆಯ ಮೇಲೆ ಇನ್ನೂ ನಿಂತಿದೆ. ಕಲ್ಲುಗಾರೆಗೆ ಇರುವ ತಾಳ್ಮೆ ತಗಡಿಗಿಲ್ಲ. ತುಕ್ಕು ಮೇಲಿನ ಹೊಳಪಿನಲ್ಲಿ ಆರಂಭವಾಗುವುದಿಲ್ಲ, ಅಡಿಯಲ್ಲಿ, ಬಾಗಿಲಿನ ಕೆಳ ಅಂಚಿನಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಆರಂಭವಾಗುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಿಂದ ಅಡಿಭಾಗವನ್ನೂ ತೊಳೆಯಬೇಕು. ಬಾಗಿಲಿನ ಅಡಿಯಲ್ಲಿ ನೀರು ಬಸಿಯಲು ಇಟ್ಟ ಸಣ್ಣ ತೂತುಗಳಿಗೆ ಮಣ್ಣೂ ತರಗೆಲೆಯೂ ಕಟ್ಟಿದ್ದರೆ ಬಿಡಿಸಬೇಕು. ಒದ್ದೆ ಕಾರಿಗೆ ಹೊದಿಕೆ ಹಾಕುವುದೆಂದರೆ ತುಕ್ಕಿಗೆ ಕಂಬಳಿ ಹೊದಿಸಿದಂತೆ. ಕೊಲ್ಲಿ ದೇಶಕ್ಕೋ ಮುಂಬಯಿಗೋ ಹೋದವರ ಮನೆಯಂಗಳದಲ್ಲಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ನಿಲ್ಲುವ ಕಾರುಗಳ ಗತಿ ಇನ್ನೂ ಕಷ್ಟ: ಬ್ಯಾಟರಿ ಸಾಯುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಇಲಿ ತಂತಿ ಕಡಿಯುತ್ತದೆ. ಅಲ್ಲೇ ನಿಲ್ಲಿಸಿ ಐದು ನಿಮಿಷ ಎಂಜಿನ್ ಓಡಿಸುವುದು ಸಾಲದು. ಹದಿನೈದು ದಿನಕ್ಕೊಮ್ಮೆ ನಂಬಿಕೆಯ ಒಬ್ಬರು ಅರ್ಧ ತಾಸು ರಸ್ತೆಯಲ್ಲಿ ನಡೆಸಬೇಕು.

ಮಣಿಪಾಲದಲ್ಲಿ ಗುಡ್ಡ, ಜೊತೆಗೆ ಸಣ್ಣ ಓಡಾಟ. ಏರಿನಲ್ಲಿ ವಾಹನಗಳ ಸಾಲು ನಿಂತಾಗ ಕ್ಲಚ್ಚನ್ನು ಅರ್ಧ ಒತ್ತಿ ಗಾಡಿಯನ್ನು ಹಿಡಿದಿಟ್ಟರೆ ಕ್ಲಚ್ ಪ್ಲೇಟು ಉರಿಯುತ್ತದೆ. ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಇಳಿಜಾರಿನಲ್ಲಿ ಬಿಟ್ಟುಹೋಗುವಾಗ ಗೇರಿನಲ್ಲಿ ಇಟ್ಟು, ಮುಂದಿನ ಗಾಲಿಗಳನ್ನು ರಸ್ತೆಯ ಅಂಚಿಗೆ ತಿರುಗಿಸಬೇಕು. ಹಳೆಯ ಕ್ಲೀನರನ ಅಡೆಗಲ್ಲಿಗೆ ಇದು ಬದಲಿ. ಇನ್ನು ಉಡುಪಿಗೂ ಮಣಿಪಾಲಕ್ಕೂ ನಡುವೆ ಸುಮಾರು ಐದೇ ಕಿಲೋಮೀಟರು. ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ಊರು ಬಂದುಬಿಡುತ್ತದೆ. ಆಗ ಒಳಗೆ ಉಳಿದ ತೇವ ಆರದೆ ಎಣ್ಣೆಗೆ ಸೇರುತ್ತದೆ. ಅಂಥವರು “ಕಿಲೋಮೀಟರು ಇನ್ನೂ ಆಗಿಲ್ಲ” ಎಂದು ಎಣ್ಣೆ ಬದಲಾಯಿಸದೆ ಕೂರಬಾರದು, ಕಂಪೆನಿ ಹೇಳಿದ ತಿಂಗಳುಗಳ ಲೆಕ್ಕವನ್ನೇ ಹಿಡಿಯಬೇಕು.

ಕಾರ್ಕಳದಿಂದ ಮೂಡಲಿಗೆ ಹೊರಟರೆ ಘಾಟಿ. ಮಾಳದ ಮೇಲಾಗಿ ಶೃಂಗೇರಿಗಾಗಲಿ, ಹೆಬ್ರಿ-ಸೋಮೇಶ್ವರದ ಮೇಲಾಗಿ ಆಗುಂಬೆಗಾಗಲಿ ಹೋಗಿ ಬರುವವರ ಜೀವ ಬ್ರೇಕಿನಲ್ಲಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ನಮ್ಮ ಹವೆಯಲ್ಲಿ ತೇವಕ್ಕೇನು ಬರ! ನೀರು ಸೇರಿದ ಆಯಿಲ್ಲು ಉದ್ದನೆಯ ಇಳಿಜಾರಿನ ಕಾವಿಗೆ ಕುದಿದು ಆವಿಯಾದರೆ ಪೆಡಲು ಪಾತಾಳಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವ ಖರ್ಚು ದೊಡ್ಡದಲ್ಲ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಡ್ರೈವರರ ಮಾತು ಇಂದಿಗೂ ಸುಳ್ಳಾಗಿಲ್ಲ. ಟಯರಿನ ಗೀರು 1.6 ಮಿಲಿಮೀಟರಿಗಿಂತ ಸವೆಯಬಾರದೆಂಬುದು ನಿಯಮ. ನಮ್ಮ ಮಳೆಯಲ್ಲಿ ಅದಕ್ಕಿಂತ ಮೊದಲೇ ಬದಲಾಯಿಸುವುದು ವಿವೇಕ.

ಮಳೆಯ ಮಾತು ಬಂದಾಗ ಹಳೆಯ ಕಾರು ಕೊಳ್ಳುವವರಿಗೆ ಒಂದು ಎಚ್ಚರ. 2020ರ ಸೆಪ್ಟೆಂಬರಿನಲ್ಲಿ ಉಡುಪಿಗೆ ನುಗ್ಗಿದಂಥ ನೆರೆ ಇಳಿದ ಮೇಲೆ ಮುಳುಗಿದ ಕಾರುಗಳೂ ಒರೆಸಿಕೊಂಡು ಮಾರುಕಟ್ಟೆಗೆ ಬರಬಹುದು. ಕಾಲಡಿಯ ಹಾಸು ಎತ್ತಿ ಮೂಸಿ ನೋಡಿ. ಸೀಟಿನ ಬೋಲ್ಟುಗಳಲ್ಲಿ ತುಕ್ಕು, ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಇದೆಯೇ ಎಂದು ನೋಡಿ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು. ಎಂಜಿನ್ನಿನೊಳಗೆ ನೀರು ಹೋಗಿದ್ದರೆ ಒಳಗಿನ ಸರಳು ಬಾಗುತ್ತದೆ. ಅಂಥ ನಷ್ಟಕ್ಕೆ, ಎಂಜಿನ್ನಿಗೆಂದು ಬೇರೆಯಾಗಿ ವಿಮೆ ಮಾಡಿಸದಿದ್ದರೆ, ಪರಿಹಾರ ಸಿಗುವುದು ಕಷ್ಟ. ಕಾಗದಪತ್ರದಲ್ಲಿ ಸಾಲದ ನಮೂದು ತೆಗೆದಿದೆಯೇ ಎಂದು ನೋಡಬೇಕು. ಕೊಂಡ 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ದಾರಿಹೋಕರಿಗೆ ಆಗುವ ಅಪಾಯಕ್ಕೆ ವಿಮೆ ಕಡ್ಡಾಯವಾದದ್ದು 1946ರಲ್ಲಿ. ಅದು ನಮ್ಮ ಉಪಕಾರಕ್ಕಿಂತ ಹೆಚ್ಚಾಗಿ ನಮ್ಮ ಗಾಡಿಗೆ ಸಿಕ್ಕುವ ಬಡವನ ಉಪಕಾರಕ್ಕೆ ಎಂಬುದನ್ನು ಮರೆಯಬಾರದು.

ವಿದ್ಯುತ್ತಿನ ಕಾರು ಬಂದಿದೆ, ಇನ್ನು ಈ ರಗಳೆ ಇಲ್ಲ ಎನ್ನುವವರೂ ಇದ್ದಾರೆ. ಎಂಜಿನ್ ಎಣ್ಣೆ ಇಲ್ಲ, ನಿಜ. ಬ್ರೇಕು, ಟಯರು, ತಗಡು ಅದಕ್ಕೂ ಇವೆ. ಉಪ್ಪುಗಾಳಿಗೆ ಹೊಸದು ಹಳೆಯದೆಂಬ ಭೇದವಿಲ್ಲ.

ಕಾರು ಕೊಳ್ಳುವವರು ಮಾಸಿಕ ಕಂತಿನ ಲೆಕ್ಕವನ್ನು ಚೆನ್ನಾಗಿ ಹಾಕುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇರಲಿ ಎಂಬುದು ನನ್ನ ಸಲಹೆ. ವಿಮೆ, ಟಯರು, ಬ್ಯಾಟರಿ, ಬ್ರೇಕು, ಸರ್ವಿಸು ಇವುಗಳ ವರ್ಷದ ಖರ್ಚನ್ನು ಅಂದಾಜು ಮಾಡಿ, 365ರಿಂದ ಭಾಗಿಸಿ, ಬಂದ ಹಣವನ್ನು ಪಿಗ್ಮಿಯಂತೆ ದಿನವೂ ಬೇರೆ ತೆಗೆದಿಡಿ. ಆ ಮೊತ್ತವನ್ನು ಕೊಡಲಾಗದಿದ್ದರೆ ಆ ಕಾರು ನಮ್ಮ ಶಕ್ತಿಗೆ ಮೀರಿದ್ದು. ಇನ್ನೂ ಸಣ್ಣದನ್ನು ಕೊಳ್ಳುವುದು ಲೇಸು. ಹಣದ ಜೊತೆಗೆ ಬೆಳಿಗ್ಗೆ ಐದು ನಿಮಿಷ ಬೇಕು: ಟಯರುಗಳನ್ನು ಒಮ್ಮೆ ಕಣ್ಣಿನಿಂದ ಅಳೆಯುವುದು, ನಿಂತ ಜಾಗದಲ್ಲಿ ಎಣ್ಣೆಯೋ ನೀರೋ ತೊಟ್ಟಿಕ್ಕಿದೆಯೇ ಎಂದು ಬಗ್ಗಿ ನೋಡುವುದು, ದೀಪ ಹತ್ತಿಸಿ ನೋಡುವುದು, ಹೊರಟ ಕೂಡಲೇ ಒಮ್ಮೆ ಬ್ರೇಕು ತುಳಿದು ನೋಡುವುದು. ಹಿಂದೆ ಈ ಕೆಲಸಕ್ಕೆ ಸಂಬಳದ ಹುಡುಗನಿದ್ದ. ಈಗ ಆ ಹುದ್ದೆ ಖಾಲಿ ಇದೆ. ಮಾಲಿಕನಲ್ಲದೆ ಅದಕ್ಕೆ ಬೇರೆ ಉಮೇದುವಾರರಿಲ್ಲ.