ಲೆನಿನ್‌ಗ್ರಾಡ್ ಮುತ್ತಿಗೆಯ ಜನಪ್ರಿಯ ಇತಿಹಾಸಕಥನ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಮತ್ತು ಫಿನ್ನಿಶ್ ಸೇನೆಗಳು ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್ ನಗರವನ್ನು (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಸುತ್ತುವರಿದ ಘಟನೆಯನ್ನು ಸಾಮಾನ್ಯ ಓದುಗರಿಗಾಗಿ ನಿರೂಪಿಸಿದ ಪುಸ್ತಕಗಳ ಪರಂಪರೆ. ಮುತ್ತಿಗೆ 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ, 872 ದಿನ ನಡೆಯಿತು. ಆರಂಭದಲ್ಲಿ ಸುಮಾರು 25 ಲಕ್ಷ ಜನ ಒಳಗೆ ಸಿಕ್ಕಿಬಿದ್ದಿದ್ದರು. ಅವರಲ್ಲಿ ನಾಲ್ಕು ಲಕ್ಷದಷ್ಟು ಮಕ್ಕಳು. ಗುಂಡು, ಬಾಂಬುಗಳಿಗಿಂತ ಬಹುಪಾಲು ಹೆಚ್ಚು ಮಂದಿಯನ್ನು ಕೊಂದದ್ದು ಹಸಿವು. ಈ ಒಂದು ಸಂಗತಿಯನ್ನು ಯಾರು, ಯಾವಾಗ, ಎಷ್ಟರಮಟ್ಟಿಗೆ ಬಾಯಿಬಿಟ್ಟು ಹೇಳಿದರು ಎಂಬುದೇ ಈ ಬರವಣಿಗೆಯ ಇತಿಹಾಸದ ತಿರುಳು.

ಹಿನ್ನೆಲೆ

1941ರ ಆಗಸ್ಟ್ ಕೊನೆಗೆ ಮ್ಗಾ ನಿಲ್ದಾಣ ಕೈತಪ್ಪಿ, ನಗರವನ್ನು ದೇಶದ ಉಳಿದ ಭಾಗಕ್ಕೆ ಜೋಡಿಸುತ್ತಿದ್ದ ಕೊನೆಯ ರೈಲು ಮಾರ್ಗ ಕಡಿಯಿತು. ಸೆಪ್ಟೆಂಬರ್ 8ರಂದು ಲಡೋಗಾ ಸರೋವರದ ದಡದ ಶ್ಲಿಸೆಲ್‌ಬುರ್ಗ್ ಜರ್ಮನರ ವಶವಾಯಿತು. ನಗರ ಶರಣಾಗಲು ಮುಂದಾದರೂ ಸ್ವೀಕರಿಸಕೂಡದೆಂಬುದು ಹಿಟ್ಲರನ ಆದೇಶವಾಗಿತ್ತು. ಒಳಗಿದ್ದವರಿಗೆ ಅನ್ನ ಹಾಕುವ ಹೊಣೆ ಜರ್ಮನರಿಗೆ ಬೇಕಿರಲಿಲ್ಲ. ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ ಬ್ರೆಡ್, ಗುಮಾಸ್ತರಿಗೆ, ಅವಲಂಬಿತರಿಗೆ ಮತ್ತು ಮಕ್ಕಳಿಗೆ 125 ಗ್ರಾಂ. ಆ ಬ್ರೆಡ್ಡಿನಲ್ಲಿಯೂ ಮರದಿಂದ ತೆಗೆದ ಸೆಲ್ಯುಲೋಸ್ ಮತ್ತು ಹತ್ತಿಬೀಜದ ಹಿಂಡಿ ಬೆರೆತಿದ್ದವು. ತಿಂಗಳ ಮೊದಲ ವಾರದಲ್ಲಿ ಪಡಿತರ ಚೀಟಿ ಕಳೆದುಕೊಂಡವರು ಮುಂದಿನ ತಿಂಗಳನ್ನು ಕಾಣುವುದೇ ಕಷ್ಟವಾಗಿತ್ತು. ಲಡೋಗಾದ ಹೆಪ್ಪುಗಟ್ಟಿದ ನೀರಿನ ಮೇಲೆ ನವೆಂಬರ್ 22ರಂದು ಮೊದಲ ಲಾರಿಗಳ ಸಾಲು ಹೊರಟಿತು. ಮುಂದೆ ಜೀವಪಥವೆಂದು ಹೆಸರಾದ ಈ ದಾರಿಯಿಂದ ಬಂದ ಧಾನ್ಯ ಉಳಿಸಿದ್ದು ದೊಡ್ಡದು. ಆದರೆ ಆ ಮೊದಲ ಚಳಿಗಾಲದ ಸಾವುಗಳನ್ನು ತಡೆಯಲು ಅದು ಸಾಲಲಿಲ್ಲ. 1943ರ ಜನವರಿ 18ರಂದು ಕೆಂಪು ಸೇನೆ ಸರೋವರದ ದಕ್ಷಿಣ ದಡದಲ್ಲಿ ಕಿರಿದಾದ ಭೂಮಾರ್ಗವೊಂದನ್ನು ತೆರೆಯಿತು.

ಮೊದಲ ಬರಹಗಳು ಮತ್ತು ಮೌನ

ಪೀಟರ್ಸ್‌ಬರ್ಗಿನಲ್ಲೇ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಪತ್ರಕರ್ತ ಅಲೆಕ್ಸಾಂಡರ್ ವರ್ತ್ 1943ರಲ್ಲಿ, ಮುತ್ತಿಗೆ ಇನ್ನೂ ಮುಗಿಯದಿರುವಾಗಲೇ, ನಗರದೊಳಕ್ಕೆ ಹೋಗಿಬಂದು 1944ರಲ್ಲಿ ‘ಲೆನಿನ್‌ಗ್ರಾಡ್’ ಪ್ರಕಟಿಸಿದರು. ನಗರದೊಳಗೂ ಅದೇ ವರ್ಷ ರಕ್ಷಣೆಯ ಪ್ರದರ್ಶನವೊಂದು ತೆರೆದು, ಬಳಿಕ ವಸ್ತುಸಂಗ್ರಹಾಲಯವಾಯಿತು. ಅದಕ್ಕೆ ಹರಿದುಬಂದ ಜನ ಅಪಾರ. 1949ರಲ್ಲಿ ಸ್ಟಾಲಿನ್ ಲೆನಿನ್‌ಗ್ರಾಡಿನ ಪಕ್ಷನಾಯಕರ ಮೇಲೆ ಹೂಡಿದ ಮೊಕದ್ದಮೆಗಳ ಸರಣಿ, ಅಂದರೆ ‘ಲೆನಿನ್‌ಗ್ರಾಡ್ ಪ್ರಕರಣ’, ಇದನ್ನೂ ನುಂಗಿತು. ಸಂಗ್ರಹಾಲಯಕ್ಕೆ ಬೀಗ ಬಿತ್ತು. ನಿರ್ದೇಶಕ ಲೆವ್ ರಾಕೊವ್ ಜೈಲು ಸೇರಿದರು. ಮಾಸ್ಕೋದ ನೆರವಿಲ್ಲದೆ ತಾವೇ ಉಳಿದೆವೆಂದು ಒಂದು ನಗರ ನೆನೆಯುವುದೂ ಅಪರಾಧವಾಗಿತ್ತು. ಸಂಗ್ರಹಾಲಯದ ಬಾಗಿಲು ಮತ್ತೆ ತೆರೆದದ್ದು 1989ರಲ್ಲಿ.

ಸ್ಟಾಲಿನ್ ತೀರಿದ ಮೇಲೆ ಮೌನ ಅರ್ಧ ಮಾತ್ರ ಸಡಿಲಿತು. ಮುತ್ತಿಗೆಯ ಕಾಲದಲ್ಲಿ ಆಹಾರ ಸರಬರಾಜಿನ ಹೊಣೆ ಹೊತ್ತಿದ್ದ ದ್ಮಿತ್ರಿ ಪಾವ್ಲೊವ್ 1958ರಲ್ಲಿ ಬರೆದ ಪುಸ್ತಕದಲ್ಲಿ ಹಿಟ್ಟು, ಸಕ್ಕರೆ, ಕೊಬ್ಬಿನ ಲೆಕ್ಕವಿದೆ. ಆಡಳಿತಗಾರನೊಬ್ಬನ ಶಿಸ್ತಿನ ಬರಹವದು, ಇಂದಿಗೂ ಬೆಲೆಯುಳ್ಳದ್ದು. ಹಸಿದವರ ಮುಖಗಳು ಮಾತ್ರ ಅದರಲ್ಲಿ ಕಾಣುವುದು ಅಪರೂಪ. ಆ ದಶಕಗಳ ಉಳಿದ ಸೋವಿಯತ್ ಪುಸ್ತಕಗಳಲ್ಲಿ ನಾಗರಿಕರೆಲ್ಲರೂ ವೀರರು. ಕದ್ದವರು, ಕುಸಿದವರು, ಸ್ವಂತ ತಾಯಿಯ ಪಾಲಿನ ಬ್ರೆಡ್ ತಿಂದು ಆಮೇಲೆ ನೊಂದವರು ಅವುಗಳಲ್ಲಿಲ್ಲ.

ಹ್ಯಾರಿಸನ್ ಸ್ಯಾಲಿಸ್‌ಬರಿ

ಹೊರಜಗತ್ತಿನ ಓದುಗರಿಗೆ ಈ ಮುತ್ತಿಗೆಯನ್ನು ಪರಿಚಯಿಸಿದ ಪುಸ್ತಕ 1969ರಲ್ಲಿ ಬಂದ ‘900 ದಿನಗಳು’. ಲೇಖಕ ಹ್ಯಾರಿಸನ್ ಸ್ಯಾಲಿಸ್‌ಬರಿ ಅಮೆರಿಕದ ಪತ್ರಕರ್ತ; ಮುತ್ತಿಗೆ ಬಿಟ್ಟ ಕೆಲವೇ ದಿನಗಳಲ್ಲಿ ನಗರವನ್ನು ಕಣ್ಣಾರೆ ಕಂಡವರು. ನೂರಾರು ಸೋವಿಯತ್ ನೆನಪಿನ ಬರಹಗಳನ್ನು ಓದಿ, ಸೇನಾಧಿಕಾರಿಗಳಿಂದ ಹಿಡಿದು ಕವಿಗಳವರೆಗಿನ ಪಾತ್ರಗಳನ್ನು ಹೆಣೆದು, ಕಾದಂಬರಿಯ ಓಟದಲ್ಲಿ ಅವರು ಕಥೆ ಹೇಳಿದರು. ಯುದ್ಧದ ಮುನ್ಸೂಚನೆಗಳನ್ನು ಕಡೆಗಣಿಸಿದ ಸ್ಟಾಲಿನ್, ಅಂಜಿ ಬಾಯಿಕಟ್ಟಿಕೊಂಡ ಅಧಿಕಾರಿಗಳು, ಶವಗಳನ್ನು ಸಣ್ಣ ಜಾರುಬಂಡಿಗಳಲ್ಲಿ ಎಳೆದೊಯ್ದ ಮನೆಮಂದಿ, ಸಂತೆಯಲ್ಲಿ ನರಮಾಂಸದ ವದಂತಿ, ಎಲ್ಲವೂ ಒಂದೇ ಪುಸ್ತಕದೊಳಗೆ ಬಂದವು. ಸೋವಿಯತ್ ಪತ್ರಿಕೆಗಳು ಅದನ್ನು ಖಂಡಿಸಿದವು.

ಪುಸ್ತಕದ ದೌರ್ಬಲ್ಯಗಳು ಈಗ ಸ್ಪಷ್ಟವಾಗಿವೆ. ರಹಸ್ಯ ದಾಖಲೆಗಳು ತೆರೆಯುವ ಮುನ್ನ ಬರೆದದ್ದರಿಂದ ವದಂತಿ ಮತ್ತು ಪುರಾವೆಗಳನ್ನು ಬೇರ್ಪಡಿಸಲು ಅವರಿಗೆ ಸಾಧ್ಯವಿರಲಿಲ್ಲ. ಇನ್ನೊಂದು ತೊಡಕು ಈ ಪ್ರಕಾರಕ್ಕೇ ಅಂಟಿದ್ದು: ಕಥೆಗೆ ಕಣ್ಣಿಗೆ ಕಟ್ಟುವ ಕಾರಣ ಬೇಕು. ಸೆಪ್ಟೆಂಬರ್ 8ರ ಬಾಂಬ್ ದಾಳಿಯಲ್ಲಿ ಬದಾಯೆವ್ ಉಗ್ರಾಣಗಳು ಹೊತ್ತಿ ಉರಿದವು, ಕರಗಿದ ಸಕ್ಕರೆ ಮಣ್ಣಿಗಿಳಿಯಿತು, ಜನ ಆ ಸಿಹಿ ಮಣ್ಣನ್ನು ಅಗೆದು ಮಾರಿದರು. ಇವೆಲ್ಲ ನಡೆದ ಸಂಗತಿಗಳೇ. ಕ್ಷಾಮಕ್ಕೆ ಆ ಬೆಂಕಿಯೇ ಕಾರಣವೆಂಬ ನಂಬಿಕೆ ನಗರದಲ್ಲಿ ಇಂದಿಗೂ ಗಟ್ಟಿಯಾಗಿದೆ. ಲೆಕ್ಕ ಬೇರೆ ಹೇಳುತ್ತದೆ. ಅಲ್ಲಿ ಸುಟ್ಟದ್ದು ಇಡೀ ನಗರಕ್ಕೆ ಕೆಲವೇ ದಿನಗಳಿಗೆ ಸಾಲುವಷ್ಟು ಆಹಾರ. ದೊಡ್ಡ ಕಾರಣಗಳು ಕಣ್ಣಿಗೆ ಕಾಣದಂಥವು: ಸಾಕಷ್ಟು ದಾಸ್ತಾನು ಮಾಡದಿದ್ದದ್ದು, ಜನರನ್ನು ಸ್ಥಳಾಂತರಿಸುವಲ್ಲಿ ತಡ, ಬೇಸಿಗೆಯಲ್ಲಿ ಮಕ್ಕಳನ್ನು ಜರ್ಮನ್ ಸೇನೆ ಬರುತ್ತಿದ್ದ ದಿಕ್ಕಿಗೇ ಕಳಿಸಿದ ಗೊಂದಲ. ಆ ಜುಲೈನಲ್ಲಿ ಲಿಚ್ಕೊವೊ ನಿಲ್ದಾಣದಲ್ಲಿ ಮಕ್ಕಳಿದ್ದ ರೈಲಿನ ಮೇಲೆಯೇ ಬಾಂಬು ಬಿತ್ತು.

ಸತ್ತವರ ಎಣಿಕೆಯಲ್ಲೂ ಇದೇ ಜಗ್ಗಾಟ. ನ್ಯೂರೆಂಬರ್ಗ್ ವಿಚಾರಣೆಗೆ ಸೋವಿಯತ್ ಸರ್ಕಾರ ಕೊಟ್ಟ ಸಂಖ್ಯೆ ಹಸಿವಿನಿಂದ 6,32,253, ಬಾಂಬು ಮತ್ತು ಫಿರಂಗಿಗಳಿಂದ 16,747. ಇತಿಹಾಸಕಾರರಾದ ಕೊವಲ್‌ಚುಕ್ ಮತ್ತು ಸೊಬೊಲೆವ್ 1965ರಲ್ಲಿ ಇದನ್ನು ಪ್ರಶ್ನಿಸಿ, ಎಂಟು ಲಕ್ಷಕ್ಕೆ ಕಡಿಮೆಯಿಲ್ಲವೆಂದು ತೋರಿಸಿದರು. ಸ್ಯಾಲಿಸ್‌ಬರಿ ಹತ್ತು ಲಕ್ಷ ದಾಟಿಸಿದರು. ಈಚಿನ ಬರಹಗಾರರಲ್ಲಿ ಹೆಚ್ಚಿನವರು ಏಳೂವರೆಯಿಂದ ಎಂಟು ಲಕ್ಷದ ಸುತ್ತ ನಿಲ್ಲುತ್ತಾರೆ. ನಿರಾಶ್ರಿತರಾಗಿ ಒಳಬಂದು, ಪಡಿತರ ಚೀಟಿಯೂ ಇಲ್ಲದೆ ಸತ್ತವರ ಹೆಸರು ಯಾವ ದಾಖಲೆಗೂ ಸೇರಿರಲಿಲ್ಲವಾದ್ದರಿಂದ ಈ ವ್ಯತ್ಯಾಸ ಪೂರ್ತಿ ಅಳಿಯುವಂತಿಲ್ಲ.

‘ಮುತ್ತಿಗೆಯ ಪುಸ್ತಕ’

ಈ ಪರಂಪರೆಯ ಅತ್ಯಂತ ಮಹತ್ವದ ಕೃತಿ ಬೆಲರೂಸಿನ ಅಲೆಸ್ ಅದಾಮೊವಿಚ್ ಮತ್ತು ಲೆನಿನ್‌ಗ್ರಾಡಿನ ದನೀಲ್ ಗ್ರಾನಿನ್ ಸೇರಿ ರಚಿಸಿದ್ದು. ಗ್ರಾನಿನ್ ನಗರವನ್ನು ಕಾಯಲು ಹೋರಾಡಿದ ಸೈನಿಕ. ಅದಾಮೊವಿಚ್ ಹದಿಹರೆಯದಲ್ಲೇ ಗೆರಿಲ್ಲಾ ಪಡೆಯಲ್ಲಿದ್ದವರು, ನಾಜಿಗಳು ಸುಟ್ಟ ಬೆಲರೂಸ್ ಹಳ್ಳಿಗಳಲ್ಲಿ ಬದುಕುಳಿದವರ ಮಾತುಗಳನ್ನು ಆಗಲೇ ಸಂಗ್ರಹಿಸಿದ್ದವರು. ಇಬ್ಬರೂ ಟೇಪ್ ರೆಕಾರ್ಡರ್ ಹೊತ್ತು ಮನೆ ಮನೆಗೆ ಹೋದರು. ಮಾತಾಡಿದವರಲ್ಲಿ ಬಹುಪಾಲು ವಯಸ್ಸಾದ ಹೆಂಗಸರು. ಅನೇಕರು ಸ್ವಂತ ಮಕ್ಕಳಿಗೂ ಹೇಳದೆ ಇಟ್ಟುಕೊಂಡದ್ದನ್ನು ಅಪರಿಚಿತರೆದುರು ಬಿಚ್ಚಿಟ್ಟರು.

ಮೊದಲ ಭಾಗ 1977ರಲ್ಲಿ ಮಾಸ್ಕೋದ ‘ನೋವಿ ಮಿರ್’ ಪತ್ರಿಕೆಯಲ್ಲಿ ಬಂತು, ಸೆನ್ಸಾರ್ ಕತ್ತರಿಯೊಂದಿಗೆ. ಲೆನಿನ್‌ಗ್ರಾಡಿನ ಪಕ್ಷದ ಮುಖಂಡ ಗ್ರಿಗೋರಿ ರೊಮಾನೊವ್ ಅಧಿಕಾರದಲ್ಲಿರುವ ತನಕ ಆ ನಗರದಲ್ಲೇ ಅದರ ಮುದ್ರಣಕ್ಕೆ ಅವಕಾಶ ಸಿಗಲಿಲ್ಲ. ಪುಸ್ತಕದ ಎರಡನೆಯ ಭಾಗ ಮೂರು ಧ್ವನಿಗಳನ್ನು ಪಕ್ಕಪಕ್ಕ ಇಡುತ್ತದೆ. ವಿಜ್ಞಾನ ಅಕಾಡೆಮಿಯ ದಾಖಲೆ ಸಂಗ್ರಹದ ಮುಖ್ಯಸ್ಥ ಗಿಯೋರ್ಗಿ ಕ್ನ್ಯಾಜೆವ್, ಗಾಲಿಕುರ್ಚಿಯಲ್ಲಿ ಮನೆಯಿಂದ ಕಚೇರಿಯವರೆಗೆ ಕಂಡಷ್ಟನ್ನೇ ದಿನವೂ ಬರೆದವರು. ಲಿಡಿಯಾ ಒಖಾಪ್‌ಕಿನಾ ಇಬ್ಬರು ಪುಟ್ಟ ಮಕ್ಕಳನ್ನು ಉಳಿಸಿಕೊಳ್ಳಲು ಹೆಣಗಿದ ತಾಯಿ. ಮೂರನೆಯದು ಶಾಲಾಬಾಲಕ ಯೂರಾ ರ‍್ಯಾಬಿನ್‌ಕಿನ್‌ನ ದಿನಚರಿ. ಮನೆಯವರ ಪಾಲಿನ ತಿಂಡಿಯನ್ನು ತಾನು ಕದ್ದು ತಿಂದದ್ದನ್ನು ಅವನು ತನ್ನನ್ನೇ ಬೈದುಕೊಳ್ಳುತ್ತ ದಾಖಲಿಸಿದ್ದಾನೆ. 1942ರ ಜನವರಿಯಲ್ಲಿ ತಾಯಿ ಮತ್ತು ತಂಗಿ ನಗರ ಬಿಟ್ಟು ಹೊರಟಾಗ ಅವನಿಗೆ ನಡೆಯುವ ಶಕ್ತಿಯಿರಲಿಲ್ಲ, ಅವನು ಹಿಂದುಳಿದ. ವೀರಗಾಥೆ ಬರೆದ ಯಾರೂ ಈ ಹುಡುಗನ ನೈತಿಕ ಯಾತನೆಯ ಹತ್ತಿರಕ್ಕೂ ಹೋಗಿರಲಿಲ್ಲ. ಬಹುಧ್ವನಿಯ ಈ ಕ್ರಮವನ್ನು ಮುಂದೆ ಬೆಳೆಸಿದ ನೊಬೆಲ್ ಪುರಸ್ಕೃತೆ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅದಾಮೊವಿಚ್‌ರನ್ನು ತಮ್ಮ ಗುರುವೆಂದಿದ್ದಾರೆ.

ದಾಖಲೆಗಳು ತೆರೆದ ಮೇಲೆ

ಸೋವಿಯತ್ ಒಕ್ಕೂಟ ಕುಸಿದ ಬಳಿಕ ಗುಪ್ತ ಪೊಲೀಸರ ವರದಿಗಳು ಹೊರಬಂದವು. ನಿಕಿತಾ ಲೊಮಾಗಿನ್ 2002ರಲ್ಲಿ ಅವುಗಳ ದೊಡ್ಡ ಸಂಕಲನ ತಂದರು. ನರಭಕ್ಷಣೆಯ ಆರೋಪದಲ್ಲಿ 1942ರ ಕೊನೆಯೊಳಗೆ ಸುಮಾರು 2,000 ಜನರ ಬಂಧನವಾಗಿತ್ತೆಂಬುದು ಆಗ ಖಚಿತವಾಯಿತು. ಬಂಧಿತರಲ್ಲಿ ಹೆಚ್ಚಿನವರು ಹಿಂದೆ ಯಾವ ಅಪರಾಧವನ್ನೂ ಮಾಡದ ಬಡ ಹೆಂಗಸರು. ಹಲವರು ಹೊರಗಿನಿಂದ ಆಶ್ರಯ ಬೇಡಿ ಬಂದವರು. ಹಿಂದಿನ ಬರಹಗಳು ಕಟ್ಟಿದ್ದ ರಕ್ಕಸರ ಚಿತ್ರ ಈ ಅಂಕಿಗಳೆದುರು ನಿಲ್ಲುವುದಿಲ್ಲ. ಆನಾ ರೀಡ್ 2011ರ ‘ಲೆನಿನ್‌ಗ್ರಾಡ್’ನಲ್ಲಿ ಈ ದಾಖಲೆಗಳನ್ನೂ ದಿನಚರಿಗಳನ್ನೂ ಒಟ್ಟಿಗೆ ಓದಿ, ಹಿಟ್ಲರನ ಹಸಿವಿನ ನೀತಿ ಮತ್ತು ಸೋವಿಯತ್ ಆಡಳಿತದ ಕ್ರೌರ್ಯ ಎರಡನ್ನೂ ಮರೆಮಾಚದೆ ಬರೆದರು. ಸಾಮಾನ್ಯ ಓದುಗರಿಗೆ ಇಂಗ್ಲಿಷಿನಲ್ಲಿರುವ ಕೃತಿಗಳಲ್ಲಿ ಹೆಚ್ಚು ಸಮತೂಕದ್ದು ಇದು. ಸಂಗೀತದ ಸುತ್ತ ಹೆಣೆದ ಪುಸ್ತಕಗಳೂ ಇವೆ: 1942ರ ಆಗಸ್ಟ್ 9ರಂದು ಕಾರ್ಲ್ ಎಲಿಯಾಸ್‌ಬರ್ಗ್ ಹಸಿದ ವಾದಕರನ್ನು ಕೂಡಿಸಿಕೊಂಡು ಶೋಸ್ತಕೋವಿಚ್‌ರ ಏಳನೆಯ ಸಿಂಫನಿ ನುಡಿಸಿದ ಕಥೆ ಬ್ರಯಾನ್ ಮೊಯ್ನಾಹನ್‌ರ 2013ರ ಪುಸ್ತಕದ ಕೇಂದ್ರ. ಓದಿಸಿಕೊಂಡು ಹೋಗುವ ಕಥೆಯೇ. ಆದರೆ ಒಂದು ಸಂಜೆಯ ಗೆಲುವು ಲಕ್ಷಾಂತರ ಸಾವುಗಳಿಗೆ ಉತ್ತರವೆಂಬಂತೆ ಕಾಣುವ ಅಪಾಯ ಅಲ್ಲಿದೆ.

ರಷ್ಯದೊಳಗೆ ವಿಷಯ ಇಂದಿಗೂ ಸೂಕ್ಷ್ಮ. ಜೀವಗಳನ್ನು ಉಳಿಸಲು ನಗರವನ್ನು ಒಪ್ಪಿಸಬೇಕಿತ್ತೇ ಎಂದು 2014ರ ಜನವರಿಯಲ್ಲಿ ವೀಕ್ಷಕರನ್ನು ಕೇಳಿದ ‘ದೋಝ್ದ್’ ಟಿವಿ ವಾಹಿನಿಯನ್ನು ಕೇಬಲ್ ಕಂಪನಿಗಳು ಒಂದರ ಮೇಲೊಂದು ಕೈಬಿಟ್ಟವು. 2022ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನ್ಯಾಯಾಲಯ ಮುತ್ತಿಗೆಯನ್ನು ನರಮೇಧವೆಂದು ಘೋಷಿಸಿತು. ಯುದ್ಧಾನಂತರದ ಕಾನೂನು ಇಷ್ಟು ದೂರ ಹೋಗಿರಲಿಲ್ಲ: ಉತ್ತರ ಸೇನಾಸಮೂಹದ ಸೇನಾಪತಿ ಫಾನ್ ಲೇಬ್‌ನನ್ನು 1948ರಲ್ಲಿ ವಿಚಾರಿಸಿದ ಅಮೆರಿಕದ ನ್ಯಾಯಪೀಠ, ಮುತ್ತಿಗೆಯಲ್ಲಿ ಹಸಿವನ್ನು ಬಳಸುವುದು ಆಗಿನ ಯುದ್ಧನಿಯಮಗಳಿಗೆ ವಿರುದ್ಧವಲ್ಲವೆಂದಿತು. ನಾಗರಿಕರನ್ನು ಹಸಿವಿನಿಂದ ಕೊಲ್ಲುವ ಯುದ್ಧಕ್ರಮಕ್ಕೆ ಸ್ಪಷ್ಟ ನಿಷೇಧ ಬಂದದ್ದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಪೂರಕ ವಿಧಿಗಳಲ್ಲಿ.

ಹೊಸ ದಿನಚರಿಗಳು ಇನ್ನೂ ಬೆಳಕಿಗೆ ಬರುತ್ತಿವೆ. ಬಂದ ಪ್ರತಿಯೊಂದೂ ಹಳೆಯ ಕಥನವನ್ನು ಸ್ವಲ್ಪ ತಿದ್ದುತ್ತದೆ. ತಾನ್ಯಾ ಸವಿಚೆವಾ ಎಂಬ ಬಾಲಕಿ ಒಂಬತ್ತು ಪುಟಗಳಲ್ಲಿ ಮನೆಯವರ ಸಾವಿನ ದಿನಗಳನ್ನು ಗುರುತಿಸಿ, ಕೊನೆಗೆ ತಾನೊಬ್ಬಳೇ ಉಳಿದೆನೆಂದು ನಂಬಿದ್ದು ಜಗತ್ತಿಗೆ ತಿಳಿದದ್ದೇ. ಅಕ್ಕ ನೀನಾ ಮತ್ತು ಅಣ್ಣ ಮಿಖಾಯಿಲ್ ಬದುಕಿದ್ದರು. ಅದು ಅವಳಿಗೆ ಗೊತ್ತಾಗಲಿಲ್ಲ, 1944ರಲ್ಲಿ ಅವಳೂ ತೀರಿಕೊಂಡಳು. 2011ರಲ್ಲಿ ಅಚ್ಚಾದ ಲೆನಾ ಮುಖಿನಾಳ ದಿನಚರಿ 1942ರ ಮೇ ತಿಂಗಳಲ್ಲಿ ಥಟ್ಟನೆ ನಿಲ್ಲುತ್ತದೆ. ಇಂಥ ದಿನಚರಿಗಳು ಹಾಗೆ ನಿಂತರೆ ಬರೆದವರು ಸತ್ತರೆಂದೇ ಓದುಗರು ಊಹಿಸುತ್ತಾರೆ. ಲೆನಾ ಸತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನಗರದಿಂದ ಪಾರಾಗಿ, ಬಳಿಕ ಮಾಸ್ಕೋದಲ್ಲಿ 1991ರವರೆಗೆ ಬದುಕಿದ್ದಳು.