ಜಿನೀವಾದ ಕಾಗದ, ಮೈಲಾರದ ಸೀಮೆ

ಮೈಲಾರದ ಕಾರ್ಣಿಕ ಎಲ್ಲರಿಗೂ ಗೊತ್ತು. ಅದೇ ಸೀಮೆಯ ಮುತ್ತು ಕಟ್ಟುವ ಪದ್ಧತಿ ಬಗ್ಗೆ ಮಾತಾಡುವವರು ಕಡಿಮೆ. ಬಲಿಯಾದವರು ಹೆಚ್ಚಾಗಿ ದಲಿತರ ಮನೆಯ ಹೆಣ್ಣುಮಕ್ಕಳು. ಇದರ ಕಾನೂನಿನ ಜಾಡು ಹಿಡಿದು ಹೊರಟರೆ ಜಿನೀವಾ ಸಿಗುತ್ತದೆ ನೋಡಿ!

1921ರಲ್ಲಿ ಲೀಗ್ ಆಫ್ ನೇಷನ್ಸ್ ಹೆಂಗಸರ, ಮಕ್ಕಳ ಮಾರಾಟ ತಡೆಯುವ ಒಪ್ಪಂದ ಮಾಡಿತು. ಅದರಲ್ಲಿದ್ದ ವಯಸ್ಸಿನ ಮಿತಿ 21. ಬ್ರಿಟಿಷ್ ಇಂಡಿಯಾ ಸಹಿ ಹಾಕುವಾಗಲೇ, ಬೇಕಾದರೆ 16 ಇಟ್ಟುಕೊಳ್ಳುತ್ತೇವೆ ಅಂತ ಷರತ್ತು ಹಾಕಿತು. ಆದರೂ 1924ರಲ್ಲಿ ದಂಡಸಂಹಿತೆಯ 372, 373ನೇ ಕಲಮುಗಳಲ್ಲಿ ವಯಸ್ಸು 16ರಿಂದ 18ಕ್ಕೇರಿತು. ಹುಡುಗಿಯರನ್ನು ದೇವರಿಗೆ ಬಿಟ್ಟವರ ಮೇಲೆ ಕೇಸು ಹಾಕುತ್ತಿದ್ದದ್ದು ಈ ಕಲಮುಗಳಡಿಯಲ್ಲೇ. 18 ದಾಟಿದವಳ ಗತಿ? ಈ ಕಲಮುಗಳಿಗೆ ಬೇಕಿರಲಿಲ್ಲ...

ಮುತ್ತುಲಕ್ಷ್ಮಿ ರೆಡ್ಡಿಯವರ ವರ್ಷಗಟ್ಟಲೆ ಹೋರಾಟದ ನಂತರ 1947ರಲ್ಲಿ ಮದ್ರಾಸಿನ ದೇವದಾಸಿ ಕಾಯ್ದೆ ಬಂತು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ 1953ರವರೆಗೂ ಮದ್ರಾಸಿನವೇ ಆದ್ದರಿಂದ ಅದು ಇಲ್ಲಿಗೂ ಅನ್ವಯಿಸಿತು, ಕಾಗದದಲ್ಲಿ. ಪದ್ಧತಿ ನಿಲ್ಲಲಿಲ್ಲ. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಬೇಕಾಯಿತು.

ಮಹಿಳೆಯರ ವಿರುದ್ಧದ ತಾರತಮ್ಯ ತೊಲಗಿಸುವ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 1993ರಲ್ಲಿ. ಆಗಲೂ ಒಂದು ಷರತ್ತು: ಸಮುದಾಯದ ಒಪ್ಪಿಗೆಯಿಲ್ಲದೆ ಅದರ ಖಾಸಗಿ ವಿಷಯಕ್ಕೆ ಕೈಹಾಕುವುದಿಲ್ಲ. ತಮಾಷೆಯೆಂದರೆ, ಹುಡುಗಿ ಒಪ್ಪಿದ್ದರೂ ಮುತ್ತು ಕಟ್ಟುವುದು ಅಕ್ರಮ ಅಂತ ಕರ್ನಾಟಕದ 1982ರ ಕಾಯ್ದೆ ಅದಕ್ಕೂ ಮೊದಲೇ ಹೇಳಿಯಾಗಿತ್ತು.